ಕಳೆಹಾಸಿನ ಮೇಲೆ ರಬ್ಬರ್ ಕಪ್ಪೆ: ಬಾಸ್ ಮೀನು ಹೊಡೆಯುತ್ತದೆ, ಕೊಕ್ಕೆಗೆ ಮಾತ್ರ ಸಿಗುತ್ತಿಲ್ಲ

ಜೊಂಡಿನಂಚು ಕೇಳಿದ್ದು:

ನಾನು ಗಾಳ ಹಾಕುವ ಕೆರೆ ಚಿಕ್ಕದು. ದೋಣಿ ಇಲ್ಲ, ದಡದಿಂದಲೇ ಎಸೆಯಬೇಕು. ಬೇಸಿಗೆ ಏರುತ್ತಿದ್ದಂತೆ ನೀರಿನ ಬಹುಭಾಗ ಕಣ್ಣಿಗೇ ಬೀಳುವುದಿಲ್ಲ. ದಡಕ್ಕೆ ಹತ್ತಿರ ಜೊಂಡು, ಅದರಾಚೆ ನೈದಿಲೆ ಎಲೆಗಳು, ಇನ್ನೂ ಆಚೆಗೆ ಹೈಡ್ರಿಲಾ ಎಂಬ ನೀರೊಳಗಿನ ಕಳೆ ಮೇಲೆದ್ದು ಪಾಚಿಯೊಡನೆ ಹೆಣೆದುಕೊಂಡು ದಪ್ಪನೆಯ ಹಾಸಾಗಿದೆ. ತೆರೆದ ಕೊಕ್ಕೆಯ ಯಾವ ಲ್ಯೂರ್ (ಕೃತಕ ಎರೆ) ಕೂಡ ಅಲ್ಲಿ ಎರಡು ಮೊಳ ದೂರ ಚಲಿಸುವುದಿಲ್ಲ. ಆದ್ದರಿಂದ ಟೊಳ್ಳು ಮೈಯ ರಬ್ಬರ್ ಕಪ್ಪೆ ಬಳಸುತ್ತಿದ್ದೇನೆ. ಜೋಡಿ ಕೊಕ್ಕೆಯ ಮೊನೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವಲ್ಲ, ಆ ಬಗೆಯದು.

ಮೀನಿಗೇನೂ ಕೊರತೆಯಿಲ್ಲ. ಲಾರ್ಜ್‌ಮೌತ್ ಬಾಸ್ ಕಪ್ಪೆಯ ಮೇಲೆ ಬೀಳುವ ಸದ್ದಿಗೆ ಎದೆ ಧಸಕ್ಕೆನ್ನುತ್ತದೆ. ನೀರು ಸಿಡಿಯುತ್ತದೆ, ಹಾಸಿನಲ್ಲಿ ತೂತು ಬೀಳುತ್ತದೆ, ನಾನು ರಾಡ್ ಎತ್ತಿ ಎಳೆಯುತ್ತೇನೆ, ಬರಿಯ ಕಪ್ಪೆ ಗಾಳಿಯಲ್ಲಿ ಹಾರಿ ನನ್ನ ಕಡೆಗೇ ಬರುತ್ತದೆ. ಹೆಚ್ಚಿನ ಹೊಡೆತಗಳು ಹೀಗೇ ಮುಗಿಯುತ್ತವೆ. ಕೊಕ್ಕೆಗೆ ಸಿಕ್ಕವೂ ತಲೆ ತಗ್ಗಿಸಿ ಹೈಡ್ರಿಲಾದೊಳಗೆ ನುಗ್ಗಿ ದಾರ ಹರಿದುಕೊಂಡು ಹೋಗುತ್ತವೆ.

ನನ್ನಲ್ಲಿರುವುದು ಆರೂವರೆ ಅಡಿಯ ಮಧ್ಯಮ ಬಲದ ರಾಡ್, 14 ಪೌಂಡ್ ಭಾರ ತಡೆಯುವ ನೈಲಾನ್ ದಾರ. ಬದಲಿಸಬೇಕಾದ್ದು ರಾಡನ್ನೋ ಕಪ್ಪೆಯನ್ನೋ ಅಥವಾ ಎಳೆಯುವ ಹೊತ್ತನ್ನೋ? ಹಿಂಬದಿಗೆ ಇನ್ನೊಂದು ಕೊಕ್ಕೆ ಕಟ್ಟಿದರೆ ಪ್ರಯೋಜನವಿದೆಯೇ? ಕಪ್ಪೆಯ ಬಣ್ಣದ ಬಗ್ಗೆಯೂ ತಿಳಿದವರು ಹೇಳಿ.

ಹಾಸಿನಡಿ ಉತ್ತರಿಸಿದ್ದು:

ಜೊಂಡಿನಂಚು ಅವರೇ, ಉತ್ತರದ ಅರ್ಧಭಾಗ ನೀವು ಬರೆದ ಸಾಲಿನಲ್ಲೇ ಇದೆ. ನೀರು ಸಿಡಿಯುತ್ತದೆ, ನೀವು ಎಳೆಯುತ್ತೀರಿ. ಈ ಎರಡರ ನಡುವೆ ಇನ್ನೊಂದು ಸಂಗತಿ ನಡೆಯಬೇಕು: ಮೀನಿನ ಭಾರ ನಿಮ್ಮ ಕೈಗೆ ಬರಬೇಕು. ಸದ್ದಿಗೆ ಎಳೆಯಬೇಡಿ, ಭಾರಕ್ಕೆ ಎಳೆಯಿರಿ.

ಇದಕ್ಕೆ ಕಾರಣ ಮೀನು ತಿನ್ನುವ ರೀತಿಯಲ್ಲಿದೆ. ಬಾಸ್ ಹೀರಿ ನುಂಗುವ ಮೀನು. ಆ ದೊಡ್ಡ ಬಾಯನ್ನು ಒಮ್ಮೆಗೇ ತೆರೆದಾಗ ಒಳಕ್ಕೆ ನುಗ್ಗುವ ನೀರಿನ ಜೊತೆ ಬೇಟೆಯೂ ಬಂದುಬಿಡುತ್ತದೆ. ತೆರೆದ ನೀರಿನಲ್ಲಿ ಇದಕ್ಕೆ ಅಡ್ಡಿಯೇ ಇಲ್ಲ. ಆದರೆ ದಪ್ಪ ಹಾಸಿನ ಮೇಲೆ ಕುಳಿತ ಕಪ್ಪೆಗೂ ಮೀನಿಗೂ ನಡುವೆ ಇರುವುದು ನೀರಲ್ಲ, ಕಳೆ. ಹೀರಿದರೆ ಮೊದಲು ಬಾಯಿಗೆ ಬರುವುದು ಪಾಚಿ ಮತ್ತು ಹೈಡ್ರಿಲಾದ ದಂಟು. ಹಾಗಾಗಿ ಅದು ಹಾಸನ್ನು ಕೆಳಗಿನಿಂದ ಒಡೆದುಕೊಂಡು ಮೇಲೆ ಬರುತ್ತದೆ. ನಿಮಗೆ ಕೇಳುವ ಸಿಡಿತ ಆ ಒಡೆತದ್ದು. ಆ ಕ್ಷಣಕ್ಕೆ ಕಪ್ಪೆ ಪೂರ್ತಿ ಬಾಯೊಳಗೆ ಹೋಗಿರಬಹುದು, ಒಂದು ಹಿಡಿ ಕಳೆಯ ಜೊತೆ ತುಟಿಯ ನಡುವೆ ಇರಬಹುದು, ಮೂತಿಯ ಏಟಿಗೆ ಪಕ್ಕಕ್ಕೆ ಎಗರಿರಲೂಬಹುದು. ದಡದಲ್ಲಿ ನಿಂತವನಿಗೆ ಮೂರೂ ಒಂದೇ ಸದ್ದು. ಕಣ್ಣು ಕಿವಿಗಳನ್ನು ನಂಬಿ ಎಳೆದರೆ ಎರಡನೆಯ ಮತ್ತು ಮೂರನೆಯ ಸಂದರ್ಭದಲ್ಲಿ ಕಪ್ಪೆಯನ್ನು ಮೀನಿನಿಂದ ನೀವೇ ಕಸಿದುಕೊಂಡಂತೆ. ಎಳೆಯದೆ ಬಿಟ್ಟಿದ್ದರೆ ಅದೇ ಮೀನು ಅದೇ ಜಾಗಕ್ಕೆ ಇನ್ನೊಮ್ಮೆ ಬರುತ್ತಿತ್ತು.

ಕೈ ಹೀಗಿರಲಿ. ಕಪ್ಪೆಯನ್ನು ನಡೆಸುವಾಗ ರಾಡಿನ ತುದಿ ನೀರಿನ ಕಡೆಗೆ ಕೆಳಗೆ ಬಾಗಿರಬೇಕು, ದಾರದಲ್ಲಿ ಸ್ವಲ್ಪ ಸಡಿಲವಿರಬೇಕು. ಹೊಡೆತ ಬಿದ್ದ ಕೂಡಲೇ ತುದಿಯನ್ನು ಮೇಲೆತ್ತದೆ ಮೀನಿನ ಕಡೆಗೇ ಇನ್ನಷ್ಟು ಚಾಚಿ. ಅದೇ ಉಸಿರಿನಲ್ಲಿ ರೀಲನ್ನು ಒಂದೆರಡು ಸುತ್ತು ತಿರುಗಿಸಿ ಸಡಿಲವನ್ನು ಒಳಕ್ಕೆ ತೆಗೆದುಕೊಳ್ಳಿ. ದಾರ ಬಿಗಿಯಾಗಿ, ಆಚೆ ತುದಿಯಲ್ಲಿ ಏನೋ ತೂಗುತ್ತಿದೆ ಎಂದು ಅನ್ನಿಸಿತೇ? ಆಗ ಎರಡು ಕೈಯ ಬಲವನ್ನೂ ಹಾಕಿ ಎಳೆಯಿರಿ. ಮಣಿಕಟ್ಟಿನ ಕೊಡವು ಸಾಲದು, ಸೊಂಟ ತಿರುಗಬೇಕು. ಟೊಳ್ಳು ಕಪ್ಪೆಯ ಮೈ ಹಿಸುಕಿಹೋಗಿ ಕೊಕ್ಕೆಯ ಮೊನೆ ಹೊರಬಂದು, ದಪ್ಪಗಿನ ಆ ಎರಡು ಕೊಕ್ಕೆಗಳು ಬಾಸಿನ ದವಡೆಗೆ ನಾಟಬೇಕು. ಅದಕ್ಕೆ ಬಲ ಬೇಕೇ ಬೇಕು.

ಆ ಬಲ ಮೀನಿನವರೆಗೆ ತಲುಪುವುದನ್ನು ತಡೆಯುತ್ತಿರುವುದು ನಿಮ್ಮ ದಾರ. ನೈಲಾನ್ ಹಿಗ್ಗುತ್ತದೆ. ಎಸೆತ ದೂರವಾದಷ್ಟೂ ಹಿಗ್ಗು ಹೆಚ್ಚು, ನೀವು ಎಳೆದ ಎಳೆತದ ಬಹುಪಾಲು ದಾರದಲ್ಲೇ ಕರಗಿಹೋಗುತ್ತದೆ. ಕಪ್ಪೆಗೆ ಹೆಣೆದ ದಾರವೇ ಬೇಕು, 50ರಿಂದ 65 ಪೌಂಡಿನದು. ಅದು ಹಿಗ್ಗುವುದಿಲ್ಲ, ತೇಲುತ್ತದೆ, ಮೀನು ಕಳೆಗೆ ನುಗ್ಗಿದಾಗ ಮೃದುವಾದ ದಂಟುಗಳನ್ನು ಕತ್ತರಿಸಿಕೊಂಡು ಬರುತ್ತದೆ. ನಡುವೆ ಬೇರೆ ದಾರದ ತುಂಡು ಸೇರಿಸುವುದು ಬೇಡ, ಕಪ್ಪೆಯ ಮೂಗಿನ ಬಳೆಗೆ ನೇರವಾಗಿ ಪಾಲೊಮಾರ್ ಗಂಟು ಹಾಕಿ. ಕಳೆಯ ಮೇಲೆ ಮೀನಿಗೆ ದಾರ ಕಾಣುತ್ತದೆಂಬ ಚಿಂತೆ ಇಲ್ಲ.

ರಾಡ್ 7ರಿಂದ ಏಳೂವರೆ ಅಡಿಯದಾಗಿರಲಿ, ಹೆಚ್ಚು ಬಲದ್ದು, ಆದರೆ ತುದಿ ಮಾತ್ರ ಸ್ವಲ್ಪ ಬಾಗುವಂಥದ್ದು. ತುದಿಯೂ ಕಂಬಿಯಾಗಿಬಿಟ್ಟರೆ ಕಪ್ಪೆಯನ್ನು ಎಸೆಯುವುದೂ ಕಷ್ಟ, ಕುಣಿಸುವುದೂ ಕಷ್ಟ. ರೀಲ್ ಬೈಟ್‌ಕಾಸ್ಟರ್ (ಉರುಳೆ ಅಡ್ಡಕ್ಕಿದ್ದು ತಾನೇ ತಿರುಗುವ ಬಗೆ) ಆಗಿದ್ದು ಹಿಡಿಯ ಒಂದು ಸುತ್ತಿಗೆ ಉರುಳೆ ಏಳು ಸುತ್ತಾದರೂ ತಿರುಗಬೇಕು, ಸಡಿಲ ದಾರವನ್ನು ಬೇಗ ಎಳೆದುಕೊಳ್ಳಲಿಕ್ಕೆ. ರೀಲಿನ ಬಿಗಿ ತಿರುಪನ್ನು ಪೂರ್ತಿ ಬಿಗಿಮಾಡಿ. ಕಳೆಯ ನಡುವೆ ಬಾಸಿಗೆ ದಾರ ಬಿಟ್ಟುಕೊಟ್ಟು ಆಡಿಸುವ ಮಾತೇ ಇಲ್ಲ. ಅದು ತಲೆ ಕೆಳಗೆ ಮಾಡುವ ಮೊದಲೇ ಹಾಸಿನ ಮೇಲಕ್ಕೆ ಎಳೆದುಕೊಳ್ಳಬೇಕು.

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಆಗದಿದ್ದರೆ ಮೊದಲು ದಾರ ಬದಲಿಸಿ. ರಾಡ್ ಆಮೇಲೆ.

ಇಕ್ಕಳ ಉತ್ತರಿಸಿದ್ದು:

ಹಾಸಿನಡಿ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಕಪ್ಪೆಯನ್ನು ಪೊಟ್ಟಣದಿಂದ ತೆಗೆದವರೇ ನೇರವಾಗಿ ನೀರಿಗೆ ಎಸೆದರೆ ಎಷ್ಟು ಸರಿಯಾಗಿ ಎಳೆದರೂ ಕೆಲವು ಮೀನು ತಪ್ಪುತ್ತವೆ. ನಾನು ಹೊಸ ಕಪ್ಪೆಯನ್ನು ಮೇಜಿನ ಮೇಲೆ ಸಿದ್ಧಪಡಿಸದೆ ದಾರಕ್ಕೆ ಕಟ್ಟುವುದೇ ಇಲ್ಲ.

ಮೊದಲು ಅದನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು, ಬಾಸ್ ಬಾಯಿ ಮುಚ್ಚುವ ಹಾಗೆ ಮೇಲಿನಿಂದ ಕೆಳಕ್ಕೆ ಒತ್ತಿ ನೋಡಿ. ಮೈ ಒಳಕ್ಕೆ ಕುಸಿದಾಗ ಎರಡೂ ಮೊನೆಗಳು ನಿಮ್ಮ ಬೆರಳಿಗೆ ಸ್ಪಷ್ಟವಾಗಿ ತಾಗಬೇಕು. ಅನೇಕ ಕಪ್ಪೆಗಳಲ್ಲಿ ರಬ್ಬರ್ ಗಡುಸಾಗಿದ್ದು, ಒತ್ತಿದಾಗ ಮೊನೆಯ ಜೊತೆ ಬೆನ್ನಿನ ಅಂಚೂ ಮೇಲೇಳುತ್ತದೆ. ಅಂಥದ್ದನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿಟ್ಟು ಹಿಸುಕಿ ಹಿಸುಕಿ ಮೆದುಮಾಡಿಕೊಳ್ಳಬೇಕು. ಆಮೇಲೆ ಇಕ್ಕಳದಿಂದ ಪ್ರತಿ ಕೊಕ್ಕೆಯನ್ನೂ ಕೂದಲೆಳೆಯಷ್ಟು ಹೊರಕ್ಕೆ, ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿ. ಹೆಚ್ಚು ಬಗ್ಗಿಸಿದರೆ ಕಳೆ ಸಿಕ್ಕಿಕೊಳ್ಳುತ್ತದೆ, ಆಗ ಈ ಲ್ಯೂರಿನ ಗುಣವೇ ಹೋಯಿತು. ಬೆನ್ನ ಮೇಲೆ ಅಂಗೈ ಸವರಿದಾಗ ಮೊನೆ ತಾಗಬಾರದು, ಒತ್ತಿದಾಗ ಮಾತ್ರ ತಾಗಬೇಕು. ಅಷ್ಟು ಸಾಕು. ಮೊನೆಯನ್ನು ಉಗುರಿನ ಮೇಲೆ ಎಳೆದು ಪರೀಕ್ಷಿಸಿ. ಜಾರಿದರೆ ಸಣ್ಣ ಅರದಿಂದ ಹರಿತ ಮಾಡಿ.

ಕಾಲಿನ ಕುಚ್ಚುಗಳು ಬಂದ ಹಾಗೆಯೇ ಉದ್ದವಿದ್ದರೆ ಬಾಸ್ ಬರಿಯ ಕಾಲನ್ನು ಹಿಡಿದು ಬಿಡುತ್ತದೆ, ಕಪ್ಪೆ ಎಡಬಲಕ್ಕೆ ತಿರುಗುವುದೂ ಕಡಿಮೆಯಾಗುತ್ತದೆ. ಎರಡೂ ಕಾಲನ್ನು ಒಂದಂಗುಲದಷ್ಟು ಕತ್ತರಿಸಿ. ಒಂದು ಕಾಲನ್ನು ಇನ್ನೊಂದಕ್ಕಿಂತ ತುಸು ಗಿಡ್ಡ ಮಾಡುವವರೂ ಇದ್ದಾರೆ, ತಿರುವು ಚೆನ್ನಾಗಿ ಬರುತ್ತದೆಂದು. ನನಗೆ ಅದರಿಂದ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಹಿಂಬದಿಗೆ ಇನ್ನೊಂದು ಕೊಕ್ಕೆ ಬೇಡ. ಅದು ತೆರೆದ ಕೊಕ್ಕೆ, ಹಾಸಿನ ಮೇಲೆ ಎರಡು ಗೇಣು ಹೋಗುವಷ್ಟರಲ್ಲಿ ಪಾಚಿಯ ಮುದ್ದೆ ಎಳೆದುಕೊಂಡು ಬರುತ್ತದೆ. ಕಳೆ ಅಂಟಿದ ಕಪ್ಪೆಗೆ ಒಳ್ಳೆಯ ಮೀನು ಬರುವುದಿಲ್ಲ.

ಇನ್ನೊಂದು ವಿಷಯ, ನೀರು. ಕೊಕ್ಕೆಯ ಬುಡದ ಸಂದಿನಿಂದ ಒಳಕ್ಕೆ ನೀರು ಸೇರಿಕೊಳ್ಳುತ್ತದೆ. ಒಳಗೆ ನೀರು ತುಂಬಿದ ಕಪ್ಪೆ ಹಿಂಭಾಗ ಮುಳುಗಿಸಿಕೊಂಡು ಕೂರುತ್ತದೆ, ಬಾಯಿ ಮುಚ್ಚಿದಾಗ ಬೇಗ ಕುಸಿಯುವುದೂ ಇಲ್ಲ. ಕೆಲವು ಎಸೆತಗಳಿಗೊಮ್ಮೆ ಹೊಟ್ಟೆ ಒತ್ತಿ ನೀರು ಹಿಂಡುವುದು ಅಭ್ಯಾಸವಾಗಲಿ.

ಜೊಂಡಿನಂಚು:

ಇಬ್ಬರಿಗೂ ಧನ್ಯವಾದ. ಇಕ್ಕಳ ಅವರು ಹೇಳಿದಂತೆ ಒತ್ತಿ ನೋಡಿದೆ. ಒಂದು ಕಪ್ಪೆಯಲ್ಲಿ ಎಡಗಡೆಯ ಮೊನೆ ಬೆರಳಿಗೆ ತಾಗುವುದೇ ಇಲ್ಲ, ರಬ್ಬರಿನ ತಗ್ಗಿನಲ್ಲೇ ಕೂತುಬಿಡುತ್ತದೆ. ಬಿಸಿನೀರಿಗೆ ಹಾಕಿದ್ದೇನೆ. ಹೆಣೆದ ದಾರವನ್ನೂ ಸುತ್ತಿಸುತ್ತೇನೆ.

ಇನ್ನೂ ಎರಡು ಪ್ರಶ್ನೆ. ಹೊಡೆತ ಬಿದ್ದ ಮೇಲೆ ಮನಸ್ಸಿನಲ್ಲಿ ಎರಡರವರೆಗೆ ಎಣಿಸಿ ಎಳೆಯಿರಿ ಎಂದು ಹಲವರು ಹೇಳುತ್ತಾರೆ. ಅದು ಸರಿಯೇ? ಮತ್ತೆ, ಇಷ್ಟು ದೊಡ್ಡ ಹಾಸಿನಲ್ಲಿ ಎಲ್ಲಿಗೆಂದು ಎಸೆಯುವುದು? ನಾನು ಬೆಳಗಿನ ಜಾವಕ್ಕೇ ಹೋಗುತ್ತೇನೆ, ಬಿಸಿಲೇರಿದ ಮೇಲೆ ಬಿಟ್ಟು ಬರುತ್ತೇನೆ.

ಹಾಸಿನಡಿ:

ಎಣಿಕೆಯನ್ನು ನಾನು ಒಪ್ಪುವುದಿಲ್ಲ. ಎಣಿಸುವಾಗ ಗಮನವೆಲ್ಲ ಅಂಕಿಯ ಮೇಲಿರುತ್ತದೆ, ಇರಬೇಕಾದ್ದು ದಾರದ ಮೇಲೆ. ನೈದಿಲೆಯ ನಡುವಿನ ತೆರೆದ ನೀರಿನಲ್ಲಿ ಬಾಸ್ ಕಪ್ಪೆಯನ್ನು ಸದ್ದಿಲ್ಲದೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಸಣ್ಣ ಗುಳುಕ್, ಕಪ್ಪೆ ಮಾಯ, ದಾರ ಪಕ್ಕಕ್ಕೆ ಸರಿಯುತ್ತಿರುತ್ತದೆ. ಅಲ್ಲಿ ಎರಡರವರೆಗೆ ಎಣಿಸುತ್ತಾ ಕೂತರೆ ಮೀನು ರಬ್ಬರಿನ ರುಚಿ ನೋಡಿ ಉಗಿದಿರುತ್ತದೆ. ದಪ್ಪ ಹಾಸಿನಲ್ಲಿ ಅದೇ ಮೀನು ಕಪ್ಪೆಯ ಜೊತೆ ಬಾಯಿ ತುಂಬ ಕಳೆ ತುಂಬಿಕೊಂಡು ತಿರುಗಿ ಕೆಳಗೆ ಹೋಗಬೇಕು, ಎರಡಕ್ಕಿಂತ ಹೆಚ್ಚು ಹೊತ್ತೇ ಹಿಡಿಯಬಹುದು. ಒಂದೇ ಎಣಿಕೆ ಎರಡಕ್ಕೂ ಹೇಗೆ ಸರಿಹೋದೀತು? ಭಾರ ಬಂತೋ ಇಲ್ಲವೋ ಎನ್ನುವ ಒಂದೇ ಪ್ರಶ್ನೆ ಎರಡು ಕಡೆಗೂ ಸಲ್ಲುತ್ತದೆ.

ಹೊಡೆತ ತಪ್ಪಿದಾಗ ಕಪ್ಪೆಯನ್ನು ಹಿಂದಕ್ಕೆ ಸುತ್ತಿಕೊಳ್ಳಬೇಡಿ. ಬಿದ್ದಲ್ಲೇ ಬಿಡಿ. ಸ್ವಲ್ಪ ಹೊತ್ತಾದ ಮೇಲೆ ಕಾಲಿನ ಕುಚ್ಚು ಮಾತ್ರ ಅದುರುವಷ್ಟು ತುದಿಯನ್ನು ತಟ್ಟಿ. ಆಗಲೂ ಬರದಿದ್ದರೆ ಮೀನು ಮಾಡಿದ ತೂತಿಗೇ ಇನ್ನೊಂದು ರಾಡಿನಿಂದ ಭಾರದ ಗುಂಡು ಕಟ್ಟಿದ ಮೃದುವಾದ ಪ್ಲಾಸ್ಟಿಕ್ ಹುಳುವನ್ನು ಇಳಿಬಿಡಿ. ಬಾಸ್ ಆ ತೂತಿನ ಕೆಳಗೇ ನಿಂತಿರುತ್ತದೆ, ತಪ್ಪಿಸಿಕೊಂಡ ಬೇಟೆ ಕೆಳಗೆ ಬಿತ್ತೆಂದು ತಿಳಿದು ತೆಗೆದುಕೊಳ್ಳುತ್ತದೆ. ಎರಡು ರಾಡ್ ಒಯ್ಯಲು ನಿಯಮ ಅವಕಾಶ ಕೊಡುವ ಕಡೆ ನಾನು ಇದಿಲ್ಲದೆ ಹೋಗುವುದಿಲ್ಲ.

ಇನ್ನು ಜಾಗ. ಹಾಸು ಎಂದರೆ ಮೇಲಿನಿಂದ ಕೆಳಗಿನವರೆಗೆ ತುಂಬಿದ ಕಳೆ ಎಂದುಕೊಳ್ಳಬೇಡಿ. ಹೈಡ್ರಿಲಾ ನೀರಿನ ಮೇಲ್ಮೈ ಮುಟ್ಟಿದ ಮೇಲೆ ಅಡ್ಡಕ್ಕೆ ಹರಡುತ್ತದೆ, ನೆರಳಾದ ಕೆಳಭಾಗ ತೆಳುವಾಗುತ್ತದೆ. ಒಳಗೆ ಇರುವುದು ಚಪ್ಪರದ ಅಡಿಯಂಥ ಜಾಗ: ಮೇಲೆ ಹೊದಿಕೆ, ನಡುವೆ ಅಲ್ಲೊಂದು ಇಲ್ಲೊಂದು ಕಂಬ, ಉಳಿದದ್ದು ಓಡಾಡಲು ಬಯಲು. ಬಾಸಿಗೆ ನೆರಳೂ ಸಿಕ್ಕಿತು, ಬೇಟೆಯೂ ಸಿಕ್ಕಿತು. ಆದರೆ ಹಾಸಿನ ಎಲ್ಲ ಕಡೆಯೂ ಮೀನಿರುವುದಿಲ್ಲ. ಎಸೆಯುವ ಮೊದಲು ಒಂದಷ್ಟು ಹೊತ್ತು ಸುಮ್ಮನೆ ನಿಂತು ಕಿವಿಗೊಡಿ. ಹಾಸಿನ ಅಡಿಯಿಂದ ಚಪ್ ಚಪ್ ಎಂದು ಸಣ್ಣ ಸದ್ದು ಬರುತ್ತಿದ್ದರೆ ಅದು ಬ್ಲೂಗಿಲ್‌ನಂಥ ಸಣ್ಣ ಮೀನುಗಳು ಕಳೆಗೆ ಅಂಟಿದ ಹುಳುಗಳನ್ನು ಹೀರುವ ಸದ್ದು. ಆ ಸದ್ದಿರುವ ಕಡೆ ಬಾಸ್ ದೂರವಿರುವುದಿಲ್ಲ. ಸದ್ದೇ ಇಲ್ಲದ ಹಾಸು ನೋಡಲು ಎಷ್ಟು ಚೆನ್ನಾಗಿದ್ದರೂ ನಾನು ಮುಂದಕ್ಕೆ ನಡೆಯುತ್ತೇನೆ. ಹಾಸಿನಲ್ಲಿ ಆಗಲೇ ಅಲ್ಲಲ್ಲಿ ತೂತು ಬಿದ್ದಿದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಮೊದಲೂ ಹೊಡೆತ ಬಿದ್ದಿದೆ.

ಎರಡು ಬಗೆಯ ಕಳೆ ಕೂಡುವ ಗೆರೆಯನ್ನು ಎಂದೂ ಬಿಡಬೇಡಿ. ನಿಮ್ಮ ಕೆರೆಯಲ್ಲಿ ನೈದಿಲೆ ಮುಗಿದು ಹೈಡ್ರಿಲಾ ಶುರುವಾಗುವ ಗೆರೆ, ಜೊಂಡು ನೀರೊಳಗೆ ಮೂಗು ಚಾಚಿರುವ ಮೂಲೆ, ಹಾಸಿನ ನಡುವಿನ ಕಪ್ಪು ನೀರಿನ ಕಿಂಡಿಗಳು. ಕಿಂಡಿಗೇ ನೇರವಾಗಿ ಎಸೆಯದೆ ಅದರಾಚೆಯ ಹಾಸಿನ ಮೇಲೆ ಕಪ್ಪೆಯನ್ನು ಬೀಳಿಸಿ, ಸಣ್ಣ ಸಣ್ಣ ಕುಪ್ಪಳಿಕೆಯಲ್ಲಿ ಕಿಂಡಿಯವರೆಗೆ ತನ್ನಿ. ಹಾಸಿನ ಮೇಲೆ ಬರುವಾಗಿನ ಅದುರನ್ನು ಕೆಳಗಿನ ಮೀನು ಹಿಂಬಾಲಿಸುತ್ತಿರುತ್ತದೆ. ಕಪ್ಪೆ ಅಂಚಿನಿಂದ ನೀರಿಗೆ ಜಾರಿದಾಗ ನಿಲ್ಲಿಸಿಬಿಡಿ. ದಾರದ ಸಡಿಲವನ್ನು ಮಾತ್ರ ತಟ್ಟಿದರೆ ಕಪ್ಪೆ ಮುಂದೆ ಬಾರದೆ ಇದ್ದಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂಗು ತಿರುಗಿಸುತ್ತದೆ. ಹೆಚ್ಚಿನ ಹೊಡೆತ ಬೀಳುವುದು ಅಲ್ಲಿ. ಅಲ್ಲಿ ಕೊಕ್ಕೆಗೆ ಸಿಗುವ ಮೀನೂ ಹೆಚ್ಚು, ಏಕೆಂದರೆ ಅದಕ್ಕೆ ಹೀರಲು ನೀರಿದೆ.

ಬೆಳಗಿನ ಜಾವ ಹೋಗುವುದು ನೈದಿಲೆಗೂ ಅಂಚುಗಳಿಗೂ ಸರಿ. ದಪ್ಪ ಹಾಸಿಗೆ ಸರಿಯಲ್ಲ. ಗಿಡಗಳು ರಾತ್ರಿಯಿಡೀ ನೀರಿನ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ, ಬಿಸಿಲು ಬಿದ್ದ ಮೇಲಷ್ಟೇ ಕೊಡಲು ಶುರುಮಾಡುತ್ತವೆ. ಕಳೆ ದಟ್ಟವಾಗಿರುವಲ್ಲಿ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು ಸೂರ್ಯ ಹುಟ್ಟುವ ಹೊತ್ತಿನ ಆಸುಪಾಸು. ಹೊತ್ತೇರಿದಂತೆ ಅದು ಹೆಚ್ಚುತ್ತದೆ, ಅದೇ ವೇಳೆಗೆ ನೆತ್ತಿಯ ಬಿಸಿಲು ಬಾಸನ್ನು ನೆರಳಿಗೆ ತಳ್ಳುತ್ತದೆ. ನೀವು ಗಂಟು ಕಟ್ಟಿ ಮನೆಗೆ ಹೊರಡುವ ವೇಳೆಗೇ ಹಾಸಿನಡಿಯ ಮೀನು ಎಚ್ಚರಗೊಳ್ಳುತ್ತಿದೆ. ಮಧ್ಯಾಹ್ನದವರೆಗೆ ನಿಂತು ನೋಡಿ.

ಮರಿಮೀನು ಉತ್ತರಿಸಿದ್ದು:

ಬಣ್ಣದ ಪ್ರಶ್ನೆ ಹಾಗೆಯೇ ಉಳಿದಿದೆ. ಮೀನಿಗೆ ಕಾಣುವುದು ಕಪ್ಪೆಯ ಹೊಟ್ಟೆ ಮಾತ್ರ. ಬೆನ್ನ ಮೇಲಿನ ಚುಕ್ಕೆ, ಕಣ್ಣು, ಹೊಳಪು ಎಲ್ಲ ಕೊಳ್ಳುವವರ ಕಣ್ಣಿಗೆ. ಹಾಗಾಗಿ ಕಪ್ಪೆಯನ್ನು ಕವುಚಿ ಹಿಡಿದು ಆರಿಸಿ. ದಟ್ಟ ಹಾಸಿಗೂ ಮೋಡದ ದಿನಕ್ಕೂ ಕಪ್ಪು, ಕೆಳಗಿನಿಂದ ನೋಡುವ ಮೀನಿಗೆ ಆಕೃತಿ ಗಟ್ಟಿಯಾಗಿ ಕಾಣುತ್ತದೆ. ನೈದಿಲೆಯ ನಡುವಿನ ತಿಳಿನೀರಿಗೆ ಬಿಳಿ ಅಥವಾ ಹಳದಿ ಹೊಟ್ಟೆ. ಈ ಎರಡು ಇದ್ದರೆ ಸಾಕು. ಹಾಸಿನ ಅಡಿಯಲ್ಲಿ ಬಾಸ್ ಕಣ್ಣಿಗಿಂತ ಹೆಚ್ಚಾಗಿ ಮೈಯ ಎರಡೂ ಬದಿಯಲ್ಲಿ ಹರಿಯುವ ಪಾರ್ಶ್ವರೇಖೆಯನ್ನು ನೆಚ್ಚಿಕೊಂಡಿರುತ್ತದೆ. ನೀರಿನ ಸಣ್ಣ ಕದಲಿಕೆಯನ್ನೂ ಅದು ಆ ರೇಖೆಯಿಂದ ಅರಿಯುತ್ತದೆ. ಅಲ್ಲಿ ಬಣ್ಣಕ್ಕಿಂತ ತೂಕ ಮುಖ್ಯ. ಹಾಸನ್ನು ಒತ್ತಿ ಅದುರಿಸುವಷ್ಟು ಭಾರದ ಕಪ್ಪೆ ಬೇಕು. ಸಾಮಾನ್ಯ ಟೊಳ್ಳು ಕಪ್ಪೆ 14ರಿಂದ 18 ಗ್ರಾಂ ತೂಗುತ್ತದೆ. ದಪ್ಪ ಹಾಸಿಗೆ ಅದೂ ಹಗುರವೆನಿಸಿದರೆ ಒಳಗೆ ಸಣ್ಣ ಸೀಸರಹಿತ ಗುಂಡುಗಳನ್ನು ತೂರಿಸಬಹುದು, ಗಲಗಲ ಸದ್ದೂ ಬರುತ್ತದೆ.

ನಾನು ಮುಖ್ಯವಾಗಿ ಬರೆಯಬೇಕೆಂದುಕೊಂಡದ್ದು ಬೇರೆ. ಬಾಸ್ ಮೊಟ್ಟೆಯಿಡುವುದು ನೀರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವ ವೇಳೆಗೆ. ಗೂಡು ತೋಡುವುದು ಗಂಡು, ಮೊಟ್ಟೆಗೆ ಕಾವಲು ನಿಲ್ಲುವುದು ಗಂಡು, ಒಡೆದ ಮೇಲೆ ಮರಿಗಳ ಹಿಂಡಿನ ಕೆಳಗೆ ಸುತ್ತುತ್ತಾ ಕಾಯುವುದೂ ಗಂಡೇ. ಆ ದಿನಗಳಲ್ಲಿ ಕಳೆಯಂಚಿನ ಮೇಲ್ಮೈಯಲ್ಲಿ ಕಪ್ಪು ಚುಕ್ಕೆಗಳ ಮೋಡದಂತೆ ಮರಿಗಳು ಕಾಣುತ್ತವೆ. ಅಲ್ಲಿಗೆ ಕಪ್ಪೆ ಎಸೆದರೆ ಹೊಡೆತ ಖಂಡಿತ, ಏಕೆಂದರೆ ಹಸಿವಿಲ್ಲದಿದ್ದರೂ ಅದು ಮರಿಗಳಿಗಾಗಿ ಹೊಡೆಯುತ್ತದೆ. ಹಾಗೆ ಹೊಡೆಯುವ ಮೀನು ನುಂಗುವುದಕ್ಕಿಂತ ದೂರ ತಳ್ಳುವುದೇ ಹೆಚ್ಚು, ಕೊಕ್ಕೆಗೆ ಸಿಗದ ಹೊಡೆತಗಳಲ್ಲಿ ಇಂಥವೂ ಇರುತ್ತವೆ. ಮರಿಗಳು ಕಂಡರೆ ದಯವಿಟ್ಟು ಆ ಜಾಗ ಬಿಟ್ಟು ಮುಂದೆ ಹೋಗಿ. ಗಂಡನ್ನು ಮೇಲಕ್ಕೆತ್ತಿ ತೂಗಿ ಚಿತ್ರ ತೆಗೆಯುವಷ್ಟರಲ್ಲಿ ಬ್ಲೂಗಿಲ್‌ಗಳು ಬಂದು ಮರಿಗಳನ್ನು ತಿನ್ನಲು ಶುರುಮಾಡುತ್ತವೆ. ನನಗೆ ಇದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ.

ಬೇಸಿಗೆಯ ಬಿಸಿನೀರಿನಲ್ಲಿ ಹಿಡಿದ ಮೀನಿನ ವಿಷಯವೂ ಅಷ್ಟೇ. ಬಿಸಿನೀರು ತಣ್ಣೀರಿನಷ್ಟು ಆಮ್ಲಜನಕ ಹಿಡಿದಿಡುವುದಿಲ್ಲ, ಹೋರಾಡಿ ದಣಿದ ಮೀನಿಗೆ ಚೇತರಿಸಿಕೊಳ್ಳಲು ಅದೇ ಬೇಕು. ಇಕ್ಕಳವನ್ನು ಚೀಲದ ತಳದಲ್ಲಿಡದೆ ಸೊಂಟಕ್ಕೆ ಕಟ್ಟಿಕೊಳ್ಳಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ. ದೊಡ್ಡ ಬಾಸನ್ನು ಕೆಳದವಡೆಯೊಂದರಿಂದಲೇ ತೂಗುಹಾಕಬೇಡಿ, ಇನ್ನೊಂದು ಕೈ ಹೊಟ್ಟೆಗೆ ಆಸರೆಯಾಗಿರಲಿ. ಬಿಡುವುದಿದ್ದರೆ ತಡಮಾಡದೆ ಬಿಡಿ.

ಜೊಂಡಿನಂಚು:

ಮರಿಮೀನು ಅವರೇ, ಆ ಕಪ್ಪು ಚುಕ್ಕೆಗಳ ಮೋಡವನ್ನು ನಾನು ನೋಡಿದ್ದೇನೆ, ಜೊಂಡಿನ ಬುಡದಲ್ಲಿ. ಅಲ್ಲಿ ಇನ್ನು ಎಸೆಯುವುದಿಲ್ಲ.

ಹಾಸಿನಡಿ ಅವರೇ, ಕೊನೆಯದಾಗಿ ಒಂದು. ದೋಣಿಯಿದ್ದವರು ಕಳೆಯಲ್ಲಿ ಸಿಕ್ಕಿಕೊಂಡ ಮೀನಿನ ಹತ್ತಿರಕ್ಕೇ ಹೋಗಿ ಎತ್ತಿಕೊಳ್ಳುತ್ತಾರೆ. ದಡದಲ್ಲಿ ನಿಂತವನು ಏನು ಮಾಡಬೇಕು? ಕಾಲು ಬಡಿಯುವ ಗಟ್ಟಿ ಮೈಯ ಕಪ್ಪೆಗಳೂ ಇವೆಯಲ್ಲ, ಅವು ಇಲ್ಲಿ ಆಗುತ್ತವೆಯೇ?

ಹಾಸಿನಡಿ:

ದಡದವನು ಎಸೆಯುವ ಮೊದಲೇ ಮೀನು ಬರುವ ದಾರಿಯನ್ನು ನೋಡಿಟ್ಟುಕೊಳ್ಳಬೇಕು. ಹಾಸಿನ ಆಳಕ್ಕೆ ನೇರವಾಗಿ ದೂರ ಎಸೆದು ಅಲ್ಲಿ ಹೊಡೆಸಿದರೆ ಅಷ್ಟೂ ಕಳೆಯ ಮೇಲೆ ಎಳೆದು ತರಬೇಕು, ಅರ್ಧ ದಾರಿಯಲ್ಲಿ ಮೀನಿಗಿಂತ ಕಳೆಯ ತೂಕವೇ ಹೆಚ್ಚಾಗಿರುತ್ತದೆ. ಅದರ ಬದಲು ದಡಕ್ಕೆ ಸಮಾನಾಂತರವಾಗಿ, ಜೊಂಡಿನ ಅಂಚಿನುದ್ದಕ್ಕೂ ಎಸೆಯಿರಿ. ಬಾಸ್ ದಡದಿಂದ ಎರಡು ಮಾರು ದೂರದಲ್ಲೇ ನಿಂತಿರುವುದು ಬಹಳ ಸಾಮಾನ್ಯ. ಹೆಜ್ಜೆ ಮೆಲ್ಲಗಿಡಿ, ನೆಲದ ಅದುರು ನೀರಿಗೆ ತಲುಪುತ್ತದೆ. ಹತ್ತಿರದ ನೀರಿಗೆ ಮೊದಲು ಎಸೆದು ಆಮೇಲೆ ದೂರಕ್ಕೆ ಹೋಗಿ.

ಮೀನು ಕೊಕ್ಕೆಗೆ ಸಿಕ್ಕಿದ ಕ್ಷಣ ಅದರ ತಲೆ ಮೇಲಿರುತ್ತದೆ. ಆ ಕ್ಷಣ ನಿಮ್ಮದು. ರಾಡನ್ನು ಎತ್ತಿ ಹಿಡಿದು ನಿಲ್ಲಿಸದೆ ಸುತ್ತಿ, ಮೀನು ಹಾಸಿನ ಮೇಲೆ ಜಾರಿಕೊಂಡು ಬರಲಿ. ಆದರೂ ಹೂತುಕೊಂಡಿತೆನ್ನಿ. ಎಗರಿ ಎಗರಿ ಎಳೆಯಬೇಡಿ, ಕೊಕ್ಕೆಯ ರಂಧ್ರ ದೊಡ್ಡದಾಗಿ ಮೀನು ಕಳಚಿಕೊಳ್ಳುತ್ತದೆ. ದಾರವನ್ನು ಬಿಗಿಯಾಗಿಟ್ಟುಕೊಂಡೇ ದಡದ ಮೇಲೆ ಹತ್ತಿಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಎಳೆಯುವ ಕೋನ ಬದಲಾದರೆ ದಾರ ಬೇರೆ ಕಡೆಯಿಂದ ದಂಟು ಕತ್ತರಿಸುತ್ತದೆ, ಮೀನಿನ ತಲೆಯೂ ತಿರುಗುತ್ತದೆ. ಬಿಗಿತ ಬಿಡದೆ ಕಾದರೆ ಎಷ್ಟೋ ಸಲ ಮೀನೇ ಒದೆದುಕೊಂಡು ಹೊರಬರುತ್ತದೆ. ಬರಿಯ ಕಪ್ಪೆ ಮರದ ಕೊರಡಿಗೆ ಸಿಕ್ಕಿಕೊಂಡಾಗ ಹೆಣೆದ ದಾರವನ್ನು ಕೈಗೆ ಸುತ್ತಿ ಎಳೆಯಬೇಡಿ, ಬೆರಳು ಕತ್ತರಿಸುವಷ್ಟು ಹರಿತ ಅದಕ್ಕಿದೆ. ಒಂದು ಕೋಲಿಗೆ ಸುತ್ತಿ ಎಳೆಯಿರಿ.

ಗಟ್ಟಿ ಮೈಯ ಕಪ್ಪೆ ಬೇರೆ ಕೆಲಸದ್ದು. ಅದಕ್ಕೆ ಅಗಲ ಬಾಯಿಯ ಒಂದೇ ಕೊಕ್ಕೆ, ಮೊನೆಯನ್ನು ಮೈಯೊಳಗೆ ಹುದುಗಿಸಿರಬೇಕು. ಸುತ್ತುವುದು ನಿಲ್ಲಿಸಿದರೆ ಮುಳುಗುತ್ತದೆ. ಹಾಗಾಗಿ ನಿಲ್ಲಿಸಿ ಕಾಯುವ ಆಟ ಅದರದ್ದಲ್ಲ, ಒಂದೇ ಸಮನೆ ಸುತ್ತುತ್ತಾ ಕಾಲು ಬಡಿಸಿಕೊಂಡು ಬರುವುದು. ಚದುರಿದ ನೈದಿಲೆ, ಇನ್ನೂ ಮೇಲ್ಮೈ ಮುಟ್ಟದ ಹೈಡ್ರಿಲಾ, ಇಂಥಲ್ಲಿ ಬಹಳ ನೀರನ್ನು ಬೇಗ ಹುಡುಕಲು ಅದನ್ನು ಬಳಸಿ. ಎಲ್ಲಿ ಹೊಡೆತ ಬಿತ್ತೋ ಅಲ್ಲಿಗೆ ಟೊಳ್ಳು ಕಪ್ಪೆ. ಬಾಯಿ ತಗ್ಗಾಗಿರುವ, ಗುಳುಕ್ ಎಂದು ನೀರು ಚಿಮ್ಮಿಸುವ ಕಪ್ಪೆಯೂ ತೆರೆದ ಕಿಂಡಿಗಳಿಗೇ ಸರಿ. ಹಾಸಿನ ಮೇಲೆ ಅದರ ಬಾಯಿ ಪಾಚಿ ತೋಡುತ್ತದೆ, ಅಲ್ಲಿಗೆ ಚೂಪು ಮೂಗಿನದೇ ಆಗಬೇಕು.

ಇನ್ನೊಂದು ಕೆರೆಗೆ ಹೋಗುವ ಮುನ್ನ ಕಪ್ಪೆಯ ಕಾಲಿನ ಕುಚ್ಚು, ರೀಲಿನ ಸಂದು, ಬೂಟಿನ ಅಡಿ, ಬಲೆಚೀಲ ಇವೆಲ್ಲವನ್ನೂ ಕೈಯಿಂದ ಹುಡುಕಿ ಕಳೆ ತೆಗೆದು ಒಣಗಿಸಿ. ಹೈಡ್ರಿಲಾ ದಂಟಿನ ಒಂದು ಗೆಣ್ಣಿರುವ ತುಂಡು ಸಾಕು, ಹೊಸ ನೀರಿನಲ್ಲಿ ಬೇರು ಬಿಡುತ್ತದೆ. ಕುಚ್ಚಿನ ಬುಡದಲ್ಲಿ ಅಂಥ ತುಂಡು ಕಣ್ಣಿಗೆ ಕಾಣದೆ ಸಿಕ್ಕಿಕೊಂಡಿರುತ್ತದೆ, ಬೆರಳಿನಿಂದ ಬಿಡಿಸಿ ನೋಡಬೇಕು.